ಒಗೆಯಬಾರದ ಸ್ವೆಟರ್

ಹೆಂಡತಿ: ಕೊನೇ ಸಲ ಹೇಳ್ತಿದ್ದೀನಿ, ಬಿಚ್ಚಿ ಕೊಡಿ ಆ ಸ್ವೆಟರ್‌ನ!

ಗಂಡ: ಕೊನೇ ಸಲ ಅಂತ ನಿನ್ನೆಯಿಂದ ಹೇಳ್ತಿದ್ದೀಯ. ಕೊಡಲ್ಲ. ಸೋಪಿನ ವಾಸನೆ ಕಾಡುಪ್ರಾಣಿಗಳಿಗೆ ಆಗಲ್ಲ.

ಹೆಂಡತಿ: ನಿಮ್ಮ ವಾಸನೆ ಮನೆ ಪ್ರಾಣಿಗೆ ಆಗ್ತಿಲ್ಲ. ನಾನೂ ಒಂದು ಜೀವ ಇದ್ದೀನಿ ಇಲ್ಲಿ.

ಗಂಡ ಬೆಟ್ಟದ ಮಾರ್ಗದರ್ಶಿ. ಪ್ರವಾಸಿಗರನ್ನು ಕರೆದೊಯ್ದು ಕಾಡುಪ್ರಾಣಿಗಳನ್ನು ತೋರಿಸುವುದು ಅವನ ಕೆಲಸ. 'ನೂರಡಿ ದೂರ ನಿಲ್ಲಿ, ಒಂದು ತುತ್ತೂ ಹಾಕಬೇಡಿ, ಪಿಸುಮಾತಲ್ಲಿ ಮಾತಾಡಿ' ಎಂದು ಅವರ ಕಿವಿ ತೂತು ಬೀಳುವಂತೆ ಕೂಗುತ್ತಾನೆ. ಆದರೆ ಒಂದು ಕಾಡು ಆಡು ಮಾತ್ರ ದಿನಾ ಇವನ ಮನೆ ಬೇಲಿಯವರೆಗೂ ಬಂದು, ಇವನ ತೋಳಿಗೆ ಮೂತಿ ಉಜ್ಜಿ ಹೋಗುತ್ತದೆ. ಆ ವಿಷಯದಲ್ಲಿ ಅವನ ಜಂಬ ಬೆಟ್ಟಕ್ಕಿಂತ ಎತ್ತರ.

ಹೆಂಡತಿ: ಈ ತೋಳು ನೋಡಿ, ಅಂಚೆಲ್ಲ ಅಗಿದು ಹಾಕಿದ ಹಾಗಿದೆ. ನಿದ್ದೇಲಿ ಅಗೀತೀರಾ?

ಗಂಡ: ಅದು ಆಡಿನ ಪ್ರೀತಿ ಕಣೇ! ಒಂದು ಹುಲ್ಲುಕಡ್ಡಿ ಹಾಕಿದವನಲ್ಲ ನಾನು. ಬರೀ ನನ್ನ ತಾಳ್ಮೆಗೆ ಒಲಿದಿದೆ. ನೀನು ಯಾವತ್ತಾದ್ರೂ ಹಾಗೆ ಹತ್ತಿರ ಬಂದು ನಿಂತಿದ್ದೀಯಾ?

ಹೆಂಡತಿ: ನೀವು ಸ್ನಾನ ಮಾಡಿದ ದಿನವೆಲ್ಲ ನಿಂತಿದ್ದೀನಿ. ನೆನಪಲ್ಲಿಡೋಕೆ ಅಂಥ ದಿನ ಹೆಚ್ಚಿಲ್ಲ, ಅಷ್ಟೆ.

ಅಷ್ಟರಲ್ಲಿ ಬೇಲಿಯಾಚೆ ಕಲ್ಲು ಉರುಳಿದ ಸದ್ದಾಯಿತು. ಆಡು ಬಂದಿತ್ತು.

ಗಂಡ: (ಪಿಸುಗುಟ್ಟುತ್ತಾ) ಬಂದ ನೋಡು, ನನ್ನ ಕಂದ! ಅಲುಗಬೇಡ.

ಹೆಂಡತಿ: ಒಂದು ಪಂದ್ಯ. ಬೇಲಿಯ ಆ ಮೂಲೆ ಕಂಬಕ್ಕೆ ಸ್ವೆಟರ್ ಹಾಕಿ, ನೀವು ಈ ಮೂಲೇಲಿ ನಿಲ್ಲಿ. ಅದು ನಿಮ್ಮ ಹತ್ತಿರ ಬಂದ್ರೆ ಇನ್ನು ಜನ್ಮದಲ್ಲಿ ಒಗೆಯೋ ಮಾತೆತ್ತಲ್ಲ.

ಗಂಡ: ಸೋಲ್ತೀಯ, ಪಾಪ.

ನಿನ್ನೆ ಒಗೆದ ಅಂಗಿ, ತಲೆಗೆ ಹಳೇ ಟೋಪಿ. ಗಂಡ ಚಳಿಗೆ ನಡುಗುತ್ತಾ ಕೈಚಾಚಿ ನಿಂತ. ಆಡು ಅವನ ಮುಂದೆಯೇ ಹಾದು, ಕಣ್ಣೆತ್ತಿಯೂ ನೋಡದೆ, ಕಂಬದ ಮೇಲಿನ ಸ್ವೆಟರನ್ನು ನೆಕ್ಕತೊಡಗಿತು. ಕಂಕುಳ ಭಾಗವನ್ನು ವಿಶೇಷ ಶ್ರದ್ಧೆಯಿಂದ.

ಹೆಂಡತಿ: ನಿಮ್ಮ ತಾಳ್ಮೆನ ಹೇಗೆ ಚಪ್ಪರಿಸ್ತಿದೆ ನೋಡಿ! ಬೆವರಿನ ಉಪ್ಪು ಕಣ್ರೀ ಅದು. ಪ್ರವಾಸಿಗರಿಗೆ ತುತ್ತು ಹಾಕಬೇಡಿ ಅಂತೀರಿ, ನೀವು ಮೈಮೇಲೇ ಅಂಗಡಿ ಹೊತ್ಕೊಂಡು ತಿರುಗ್ತೀರಿ. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಗಂಡ: (ಸಣ್ಣ ದನಿಯಲ್ಲಿ) ಉಪ್ಪಿಗೇ ಬರ್ಲಿ ಬಿಡು. ಬರುತ್ತಲ್ಲ, ಅದು ಸಾಕು.

ಹೆಂಡತಿ: ಮನುಷ್ಯರ ಹತ್ತಿರ ಬರೋದು ಕಲಿತ ಆಡಿನ ಗತಿ ಏನು ಅಂತ ಎಲ್ಲರಿಗೂ ಭಾಷಣ ಮಾಡ್ತೀರಲ್ಲ, ನನಗೂ ಮಾಡಿ.

ಗಂಡ: ಧೈರ್ಯ ಬಂದು ರಸ್ತೆಗಿಳಿಯುತ್ತೆ. ಯಾರನ್ನೋ ಗುದ್ದುತ್ತೆ. ಆಮೇಲೆ... ಅರಣ್ಯ ಇಲಾಖೆಯವರು ಬೋನು ತರ್ತಾರೆ.

ಹೆಂಡತಿ: ಹೋದ ವರ್ಷ ಒಂದನ್ನ ಹಾಗೆ ಒಯ್ದಾಗ ಊಟ ಬಿಟ್ಟು ಗೋಡೆ ನೋಡ್ತಾ ಕೂತವರು ಯಾರು?

ಗಂಡ ಕಂಬದತ್ತ ನಡೆದ. ಆ ಆಡೆಂದರೆ ಅವನಿಗೆ ಪ್ರಾಣ. ಅದು ಬರದ ಬೆಳಗನ್ನು ನೆನೆಯಲೂ ಅವನಿಂದಾಗದು. ಆದರೂ ಜೋರಾಗಿ ಕೈತಟ್ಟಿ, 'ಹೋಗೋ, ಹೋಗು!' ಎಂದು ಅದನ್ನು ಓಡಿಸಿದ. ಸ್ವೆಟರನ್ನು ತಾನೇ ತಂದು ಸೋಪಿನ ನೀರಿಗೆ ಅದ್ದಿದ.

ಮರುದಿನ ಆಡು ಬಂತು. ಬೇಲಿಯ ಮೇಲೆ ಒಣಗುತ್ತಿದ್ದ ಸ್ವೆಟರನ್ನು ಮೂಸಿ, ದೊಡ್ಡದಾಗಿ ಸೀನಿ, ಬಂಡೆ ಹತ್ತಿ ಹೊರಟೇಹೋಯಿತು. ಗಂಡ ದುರ್ಬೀನು ಎತ್ತಿಕೊಂಡ. ತಾನು ಸಾರುತ್ತಿದ್ದ ನೂರಡಿ ದೂರ ಎಷ್ಟು ದೂರ ಎಂದು ಅವನಿಗೆ ಗೊತ್ತಾದದ್ದು ಅವತ್ತೇ.

ಗಂಡ: ಏ, ನಿಂತಿದೆ ಕಣೇ! ತಿರುಗಿ ನನ್ನನ್ನೇ ನೋಡ್ತಿದೆ! ನೋಡಿದ್ಯಾ, ಉಪ್ಪಿನ ಋಣ ಮರೆತಿಲ್ಲ!

ಹೆಂಡತಿ: (ದುರ್ಬೀನು ಕಿತ್ತುಕೊಂಡು ನೋಡಿ) ನಿಮ್ಮನ್ನಲ್ಲ ಕಣ್ರೀ, ನಿಮ್ಮ ಟೋಪೀನ. ಅದನ್ನೂ ಕೊಡಿ ಇಲ್ಲಿ.