ಒಲೆ ಮಣ್ಣಿನ ಬಿಲ್ಲೆ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಹಳೆಯದನ್ನೆಲ್ಲ ಸ್ವಲ್ಪ ಚಂದ ಮಾಡಿ ಕೊಡುವ ಚಾಳಿ ನನ್ನ ನೆನಪಿಗಿದೆ. ಪ್ರಯೋಗಾಲಯದ ಕುಲುಮೆ ಆರುನೂರು ಡಿಗ್ರಿಯಲ್ಲಿತ್ತೋ ಏಳುನೂರರಲ್ಲೋ, ಡೈರಿಯ ಆ ಪುಟಕ್ಕೆ ಕಾಫಿ ಚೆಲ್ಲಿದೆ. ವಾಸನೆ ಮಾತ್ರ ಖಂಡಿತ ನಿಜ.

ಎಂ.ಎಸ್ಸಿ. ಕೊನೆಯ ವರ್ಷ ನನ್ನ ಪಾಲಿಗೆ ಬಂದ ಕೆಲಸ, ಘನವಸ್ತುಗಳು ಕಡುಬಿಸಿಯಲ್ಲಿ ಶಾಖವನ್ನು ಎಷ್ಟು ದಾಟಿಸುತ್ತವೆಂದು ಅಳೆಯುವುದು. ಬಿಲ್ಲೆಯ ಒಂದು ಮೈ ಕಾಯಿಸಿ, ಇನ್ನೊಂದು ಮೈ ಎಷ್ಟು ಬಿಸಿಯಾಯಿತೆಂದು ನೋಡುತ್ತ ಕೂರಬೇಕು. ಗೆಳತಿಯರು ಕಾರ್ಖಾನೆಯ ಇಟ್ಟಿಗೆ ತಂದರು. ನಾನು ಜಂಬದಿಂದ ಸೀತೂರಿನ ಚಿಕ್ಕಮ್ಮನ ಒಲೆ ಮಣ್ಣು ತರುತ್ತೇನೆಂದೆ. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಕಲಸಿ ಅವಳು ಹಾಕಿದ ಒಲೆ ಹೊರಗೆ ಬಿಸಿಯನ್ನೇ ಬಿಡದೆಂದು ಪ್ರತೀತಿ. ಅವಳ ಉಪಕರಣ ಬಲಗೈಯ ಹಿಂಭಾಗ. ಉರಿಯುವ ಒಲೆಯ ಹೊರಮೈಗೆ ಅದನ್ನೊತ್ತಿ, ಕಣ್ಣು ಮುಚ್ಚಿ, "ಅಡ್ಡಿಲ್ಲ" ಎನ್ನುತ್ತಿದ್ದಳು. ಡಬ್ಬಿ ಮುಚ್ಚಳದ ಅಳತೆಗೆ ತಟ್ಟಿದ ಬಿಲ್ಲೆ ಬಾಳೆಎಲೆ ಸುತ್ತಿಕೊಂಡು ಎನ್.ಆರ್. ಪುರದಿಂದ ನನ್ನ ಜೊತೆ ಬಸ್ಸು ಹತ್ತಿತು.

ಕುಲುಮೆ ಕಾದಂತೆ ಪ್ರಯೋಗಾಲಯದ ತುಂಬ ನಮ್ಮೂರ ಬೆಳಗಿನ ವಾಸನೆ. ಯಾರ ಮನೆಯ ಬೆರಣಿ ಸುಡುತ್ತಿದೆಯೆಂದು ಅಟೆಂಡರ್ ಕೇಳಿದ. ಮಣ್ಣಿನೊಳಗಿನ ಹೊಟ್ಟು ಎಂದು ವೈಜ್ಞಾನಿಕವಾಗಿ ವಿವರಿಸಿದೆ. ನನ್ನ ಕಣ್ಣು ತುಂಬಿತ್ತು. ಹೊಗೆಯಿಂದ ಎಂದು ಡೈರಿಯಲ್ಲಿದೆ. ಬಂದ ಅಂಕಿಯಂತೂ ಅದ್ಭುತ, ಶಾಖ ಆಚೆಗೆ ಹೋಗಲು ಒಲ್ಲೆನ್ನುತ್ತಿತ್ತು. ಮೇಷ್ಟ್ರು ಬೆನ್ನು ತಟ್ಟಿದರು. ನನ್ನ ಮೊದಲ ದರ್ಜೆ ಆ ಅಂಕಿಯ ಪ್ರಸಾದ. ಚಿಕ್ಕಮ್ಮನಾದರೋ ವಿಶ್ವವಿದ್ಯಾಲಯವೇ ಒಪ್ಪಿದ ಒಲೆಯೆಂದು ಮುತ್ತಿನಕೊಪ್ಪದವರೆಗೂ ಹೋಗಿ ಒಲೆ ಹಾಕಿಕೊಟ್ಟು ಬಂದಳು.

ಈಗ ನಾನು ಕೊಪ್ಪದಲ್ಲಿ ಪಾಠ ಹೇಳುತ್ತೇನೆ. ಆ ಅಳತೆಯನ್ನು ಮಕ್ಕಳಿಗೆ ಮತ್ತೆ ಮಾಡಿ ತೋರಿಸುವ ಆಸೆಯಾಗಿ ಕಳೆದ ವಾರ ಸೀತೂರಿಗೆ ಹೋದೆ. ಫೋನು ಮಾಡಿದ್ದರಿಂದ ಚಿಕ್ಕಮ್ಮ ಬಿಲ್ಲೆ ತಟ್ಟಿ ಒಣಗಿಸಿಟ್ಟಿದ್ದಳು. ನಾನು ನೋಡುತ್ತಿದ್ದಂತೆಯೇ ಸಗಣಿಗೆ ಕೈ ಅದ್ದಿ ಅದರ ಎರಡೂ ಮೈ ಸಾರಿಸಿದಳು.

"ಅದಕ್ಕೆ ಸಗಣಿ ಎಂತಕ್ಕೆ?"

"ಎಂತ ಮಾರಾಯ್ತಿ, ಸಾರಿಸದ ಒಲೆ ಮಣ್ಣು ಯಾರಾದ್ರೂ ಮನೆಯಿಂದ ಹೊರಗೆ ಕೊಡ್ತಾರಾ? ಆವತ್ತೂ ಸಾರಿಸೇ ಕೊಟ್ಟಿದ್ದೆ. ದೊಡ್ಡ ಶಾಲೆ ಅಂತ ಎರಡು ಸಲ."

ಅಂದು ಕುಲುಮೆಯಲ್ಲಿ ಸಗಣಿ ಸುಟ್ಟು ಉಳಿದ ಬೂದಿಯ ಪದರ ಶಾಖವನ್ನು ಬಿಲ್ಲೆಯ ಬಾಗಿಲಲ್ಲೇ ತಡೆದು ನಿಲ್ಲಿಸಿರಬೇಕು. ಮುತ್ತಿನಕೊಪ್ಪದ ಒಲೆಗಳು ಇಂದಿಗೂ ಚೆನ್ನಾಗಿ ಉರಿಯುತ್ತಿವೆ. ಅನುಮಾನವೆಲ್ಲ ನನ್ನ ಅಂಕಪಟ್ಟಿಯ ಮೇಲೆ. ಚಿಕ್ಕಮ್ಮ ಕೈಯ ಹಿಂಭಾಗವನ್ನು ಒಲೆಗೊತ್ತಿ ಕಣ್ಣು ಮುಚ್ಚಿದಳು. ಆಗಲೇ ನಾನು ಕೇಳಿದೆ:

"ಹಾಗಾದ್ರೆ ಚಿಕ್ಕಮ್ಮ, ನಾನು ಅಳೆದದ್ದು ನಿನ್ನ ಮಣ್ಣನ್ನೋ, ಸಗಣಿಯನ್ನೋ?"