ಚಲೋ ನಂಬರು

ಯಾವ ಊರಿಗೆ ವರ್ಗವಾದರೂ ಆರು ತಿಂಗಳಲ್ಲಿ ಅಲ್ಲಿಯ ಭಾಷೆಯನ್ನು ಅರೆದು ಕುಡಿಯುವ ಶಕ್ತಿ ನನಗೆ ಹುಟ್ಟಿನಿಂದಲೇ ಬಂದಿದೆ. ಇದನ್ನು ಜಂಬದಿಂದ ಹೇಳುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ. ಧಾರವಾಡದ ಬ್ಯಾಂಕಿನಿಂದ ನನ್ನನ್ನು ವಡೋದರೆಗೆ ವರ್ಗ ಮಾಡಿದಾಗ ಜೊತೆಯವರು, “ಗುಜರಾತಿ ಹ್ಯಾಂಗ ಕಲೀತೀರಿ ದೇಶಪಾಂಡೆ?” ಎಂದು ಮರುಗಿದರು. ನಾನು ನಕ್ಕೆ. ಗುಜರಾತಿಯೆಂದರೆ ಏನು ಮಹಾ? ಹಿಂದಿಗೆ ನಾಲ್ಕು ‘ಛೇ’ ಸೇರಿಸಿದರೆ ಆಯಿತು!

ವಡೋದರೆಯ ಗೋರ್ವಾ ಬಡಾವಣೆಯಲ್ಲಿ ಮನೆ ಮಾಡಿದೆವು. ಪಕ್ಕದ ಮನೆಯ ಕುಸುಮ್‌ಬೆನ್ ಅವರ ಪಡಸಾಲೆಯಲ್ಲಿ ಒಂದು ದೊಡ್ಡ ತೂಗುಮಣೆ. ಸಂಜೆಯಾದರೆ ನನ್ನ ಹೆಂಡತಿ ವೈಜಯಂತಿ ಅವರೊಡನೆ ಅದರ ಮೇಲೆ ಕೂತು ತೂಗುತ್ತಿದ್ದಳು. ಇವಳಿಗೆ ಗುಜರಾತಿ ಬಾರದು, ಅವರಿಗೆ ಕನ್ನಡ ಬಾರದು, ಮಾತು ಮಾತ್ರ ಮುಗಿಯುತ್ತಿರಲಿಲ್ಲ. ಒಮ್ಮೆ ವೈಜಯಂತಿ ಮಾಡಿದ ಸಾರನ್ನು ಕುಡಿದು ಕುಸುಮ್‌ಬೆನ್, “ಬಹು ಸಾರು ಛೇ!” ಎಂದರು. ಸಾರು ಬಹಳವಾಯಿತು ಎನ್ನುತ್ತಿದ್ದಾರೆಂದು ನಾನು ಅನುವಾದ ಮಾಡಿಕೊಟ್ಟೆ. ಮುಂದಿನ ಸಲ ಅರ್ಧ ಬಟ್ಟಲೇ ಕಳಿಸಿದೆವು. ಆ ಭಾಷೆಯಲ್ಲಿ ‘ಸಾರು’ ಎಂದರೆ ‘ಚೆನ್ನಾಗಿದೆ’ ಎಂದು ಆಮೇಲೆ ಗೊತ್ತಾಯಿತು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ.

ಈಗ ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ ಎಂಟನೆಯ ಮಹಡಿಯ ಮೇಲಿದ್ದೇವೆ. ಲಿಫ್ಟಿದೆ, ಕ್ಯಾಮೆರಾ ಇದೆ, ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ. ಗೋರ್ವಾದ ಆ ತೂಗುಮಣೆಯ ಕಿರ್ ಕಿರ್ ಸದ್ದು ನೆನಪಾದರೆ ಮತ್ತೆ ಅಲ್ಲಿಗೇ ಹೋಗಿ ಕೂರೋಣ ಅನ್ನಿಸುತ್ತದೆ. ನಾನು ಮಾಡಿದ ಮಹಾಪರಾಧ ನಡೆದದ್ದೂ ಆ ಊರಲ್ಲೇ ಆದ್ದರಿಂದ ಸ್ವಲ್ಪ ಹಿಂಜರಿಕೆಯೂ ಆಗುತ್ತದೆ.

ವೈಜಯಂತಿ ಕಾಲೇಜಿನಲ್ಲಿ ಎನ್‌ಸಿಸಿ ಕೆಡೆಟ್ಟು. ಬಂದೂಕಿನಲ್ಲಿ ಅವಳ ಗುರಿ ತಪ್ಪುತ್ತಿರಲಿಲ್ಲವಂತೆ. ಮದುವೆಯಾದ ಮೇಲೆ ಕೈಗೆ ಲಟ್ಟಣಿಗೆ ಬಂತು. ಗುರಿ ಆಗಲೂ ತಪ್ಪಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಕುಸುಮ್‌ಬೆನ್ ಅವರ ತಮ್ಮ ಜಿಗ್ನೇಶ್‌ಭಾಯಿ ಊರಾಚೆ ಒಂದು ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ. ಒಂದು ಭಾನುವಾರ ಕುಸುಮ್‌ಬೆನ್ ಇವಳನ್ನು ಅಲ್ಲಿಗೆ ಕರೆದುಕೊಂಡು ಹೋದರು. ನಲವತ್ತೆರಡನೆಯ ವಯಸ್ಸಿನಲ್ಲಿ ನನ್ನ ಹೆಂಡತಿ ಮತ್ತೆ ಪಿಸ್ತೂಲು ಹಿಡಿದಳು. ಮನೆಗೆ ಬಂದಾಗ ಅವಳ ಮುಖ ನೋಡಿದೆ. ಅಂಥ ಮುಖವನ್ನು ನಾನು ನೋಡಿದ್ದು ಮದುವೆಯ ಹೊಸದರಲ್ಲಿ ಮಾತ್ರ.

ಒಂದೂವರೆ ವರ್ಷ ಅಭ್ಯಾಸ ನಡೆಯಿತು. ಆಮೇಲೆ ಬ್ಯಾಂಕಾಕಿನ ಹತ್ತಿರ ಮಾರ್ಚಿನಲ್ಲಿ ನಡೆಯುವ ಒಂದು ಅಂತರರಾಷ್ಟ್ರೀಯ ಸ್ಪರ್ಧೆಗೆ ಕ್ಲಬ್ಬಿನಿಂದ ಇವಳ ಹೆಸರು ಹೋಯಿತು. ‘ಪ್ರ್ಯಾಕ್ಟಿಕಲ್ ಹ್ಯಾಂಡ್‌ಗನ್’ ಎಂದು ಅದರ ಹೆಸರು.

“ಪ್ರ್ಯಾಕ್ಟಿಕಲ್ ಮಾರ್ಚಿನ್ಯಾಗ ಅಂದ್ರ ಥಿಯರಿ ಪೇಪರ್ ಯಾವಾಗ?” ಎಂದು ಕೇಳಿದೆ.

“ಥಿಯರಿ ನಿಮ್ಮಂಥವರಿಗೆ,” ಎಂದಳು. ಆಮೇಲೆ ವಿವರಿಸಿದಳು. ಒಂದೇ ಕಡೆ ನಿಂತು ಹೊಡೆಯುವ ಆಟ ಅಲ್ಲವಂತೆ ಅದು. ಓಡಬೇಕು, ಗೋಡೆಯ ಮರೆಯಿಂದ ಇಣುಕಬೇಕು, ಖಾಕಿ ರಟ್ಟಿನ ಬೋರ್ಡುಗಳಿಗೆ ಹೊಡೆಯಬೇಕು. ನಡುವೆ ಬಿಳಿ ಬೋರ್ಡುಗಳಿರುತ್ತವೆ. ಅವು ನಿರಪರಾಧಿಗಳು. ಅವಕ್ಕೆ ಗುಂಡು ತಾಗಿದರೆ ಅಂಕ ಕಡಿತ. ಎಷ್ಟು ಸರಿಯಾಗಿ ಹೊಡೆದೆ ಎಂಬುದರ ಜೊತೆಗೆ ಎಷ್ಟು ಬೇಗ ಹೊಡೆದೆ ಎಂಬುದನ್ನೂ ನೋಡುತ್ತಾರೆ.

ಹೊರಡುವ ದಿನ ಚೀಲದ ಜಿಪ್ಪು ಎಳೆಯುತ್ತ ಒಂದು ಮಾತು ಹೇಳಿದಳು. “ನೋಡ್ರಿ, ಕ್ಲಬ್ಬಿನವರನ್ನ ಬಿಟ್ರ ಯಾರಿಗೂ ಗೊತ್ತಿಲ್ಲ, ನೀವೂ ಹೇಳಬ್ಯಾಡ್ರಿ. ಈ ವಯಸ್ಸಿನ್ಯಾಗ ಇದೇನು ಹುಚ್ಚು ಅಂತ ನನಗಽ ಅನಸ್ತದ. ಚಲೋ ಆದ್ರ ಮುಂದುವರಸ್ತೀನಿ. ಇಲ್ಲಾಂದ್ರ ಇದಽ ಕಡೀದು. ಸುಮ್ಮನ ಬಿಟ್ಟುಬಿಡ್ತೀನಿ, ಯಾರಿಗೂ ಗೊತ್ತಾಗೂದಿಲ್ಲ.”

“ನನ್ನ ಬಾಯಿಂದ ಒಂದು ಅಕ್ಷರ ಹೊರಬೀಳೂದಿಲ್ಲ!” ಎಂದು ಆಣೆ ಮಾಡಿದೆ.

ಐದನೆಯ ದಿನ ಬೆಳಿಗ್ಗೆ ಜಿಗ್ನೇಶ್‌ಭಾಯಿ ಫೋನು ಮಾಡಿದರು. ಧ್ವನಿ ಗದ್ಗದವಾಗಿತ್ತು.

“ದೇಶಪಾಂಡೆಭಾಯಿ, ರಿಸಲ್ಟ್ ಆವ್ಯುಂ. ಭಾಭಿನೋ ಛೆಲ್ಲೋ ನಂಬರ್ ಆವ್ಯೋ.”

‘ಭಾಭಿನೋ’ ಎಂದರೆ ಅತ್ತಿಗೆಯದು, ‘ಆವ್ಯೋ’ ಎಂದರೆ ಬಂತು, ನಮ್ಮ ಧಾರವಾಡದ ಕಡೆ ‘ಚಲೋ’ ಎಂದರೆ ಒಳ್ಳೆಯದು. ಚಲೋ ಊಟ, ಚಲೋ ಮನುಷ್ಯ, ಚಲೋ ನಂಬರು! ಈ ಮಹಾನುಭಾವ ನನ್ನ ಮೇಲಿನ ಪ್ರೀತಿಯಿಂದ ನಮ್ಮ ಮಾತನ್ನೇ ಕಲಿತುಬಿಟ್ಟಿದ್ದಾರೆ!

“ಚಲೋ ನಂಬರ್? ಖರೇನ?”

“ಹಾ, ಏಕ್‌ದಮ್ ಛೆಲ್ಲೋ,” ಎಂದು ಅವರು ನಿಟ್ಟುಸಿರು ಬಿಟ್ಟರು.

ಓದುಗರಿಗೆ ಈಗಲೇ ಹೇಳಿಬಿಡುತ್ತೇನೆ. ಗುಜರಾತಿಯಲ್ಲಿ ‘ಛೆಲ್ಲೋ’ ಎಂದರೆ ಕಟ್ಟಕಡೆಯದು. ನಿಮಗೆ ಇದು ಈಗ ತಿಳಿಯಿತು. ನನಗೆ ತಿಳಿದದ್ದು ಮರುದಿನ ಸಂಜೆ, ನಲವತ್ತು ಜನರ ಮುಂದೆ!

ಆಣೆ ಮಾಡಿದ್ದು ನೆನಪಿತ್ತು. ಆದರೆ ಗುಟ್ಟು ಯಾತಕ್ಕೆ ಎಂದರೆ ಸೋತರೆ ಎಂಬ ಭಯಕ್ಕೆ. ಗೆದ್ದ ಮೇಲೆ ಎಂಥ ಗುಟ್ಟು? ಈ ತರ್ಕದಲ್ಲಿ ನನಗೆ ಇಂದಿಗೂ ದೋಷ ಕಾಣುತ್ತಿಲ್ಲ. ನಾಲ್ಕು ಡಬ್ಬಿ ಪೇಡೆ ತಂದೆ. ಮೊದಲು ಕುಸುಮ್‌ಬೆನ್ ಅವರಲ್ಲಿಗೆ ಹೋದೆ.

“ಶಾ ಮಾಟೇ?” ಏತಕ್ಕೆ ಎಂದು ಕೇಳಿದರು.

“ವೈಜಯಂತಿನೋ ಛೆಲ್ಲೋ ನಂಬರ್!” ಎಂದು ಎದೆಯುಬ್ಬಿಸಿ ಹೇಳಿದೆ.

ಅವರು ನನ್ನನ್ನು ನೋಡಿದರು, ಪೇಡೆ ನೋಡಿದರು. “ಛೆಲ್ಲೋ? ತೋಯ ಪೇಂಡಾ?” ಎಂದರು. ಹಾಗಿದ್ದರೂ ಪೇಡೆಯೇ ಎಂದು. ಆಮೇಲೆ ಕಣ್ಣು ಒರೆಸಿಕೊಂಡು ನನ್ನ ತಲೆಯ ಮೇಲೆ ಕೈಯಿಟ್ಟು, ನಿನ್ನಂಥ ಗಂಡ ಎಲ್ಲರಿಗೂ ಸಿಗಲಿ ಎಂಬರ್ಥದ ಏನನ್ನೋ ಹೇಳಿದರು. ನಾನು ಇಪ್ಪತ್ತೆರಡು ಮನೆಗಳ ಬಾಗಿಲು ತಟ್ಟಿದೆ. ಪ್ರತಿಯೊಂದು ಬಾಗಿಲಲ್ಲೂ ಬ್ಯಾಂಕಾಕಿನ ಸ್ಪರ್ಧೆಯ ಸುದ್ದಿ ತಿಳಿಸಿ ಗಟ್ಟಿಯಾಗಿ ಅದನ್ನೇ ಹೇಳಿದೆ. ಎಲ್ಲರೂ ಮೊದಲು ಪೆಚ್ಚಾದರು, ಆಮೇಲೆ ನನ್ನ ಬೆನ್ನು ತಟ್ಟಿದರು. ಗುಜರಾತಿನ ಜನ ಎಷ್ಟು ಭಾವುಕರು ಎಂದುಕೊಂಡೆ.

ಕಡೆಗೆ ವಡೋದರೆಯ ಕನ್ನಡ ಸಂಘದ ಅಧ್ಯಕ್ಷರಾದ ಕುಲಕರ್ಣಿಯವರ ಬಳಿ ಹೋದೆ. ಅವರು ವಿಮಾ ಕಂಪನಿಯ ಅಧಿಕಾರಿ. ಎಲ್ಲದಕ್ಕೂ ದಾಖಲೆ ಕೇಳುವ ಮನುಷ್ಯ. “ಕಾಗದ ತೋರಸ್ರಿ,” ಎಂದರು. ಇಬ್ಬರೂ ಕೂತು ಸ್ಪರ್ಧೆಯ ವೆಬ್‌ಸೈಟು ತೆರೆದೆವು. ನನ್ನ ಫೋನಿನಲ್ಲಿ ಪಟ್ಟಿಯ ತಲೆ ಕಾಣಿಸಲಿಲ್ಲ, ಬಾಲ ಕಾಣಿಸಿತು. ಅಲ್ಲಿ ಇವಳ ಹೆಸರು, ಹೆಸರಿನ ಮುಂದೆ 61 ಎಂಬ ಅಂಕಿ. ಉಳಿದ ಅಂಕಣಗಳು ಇರುವೆ ಸಾಲಿನಂತಿದ್ದವು.

“ಅರವತ್ತೊಂದು!” ಎಂದೆ.

ಕುಲಕರ್ಣಿಯವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ತೀರ್ಪು ಕೊಟ್ಟರು. “ಅರವತ್ತರ ಮ್ಯಾಲೆ ಅಂದ್ರ ಫಸ್ಟ್ ಕ್ಲಾಸ್! ಅದೂ ಪ್ರ್ಯಾಕ್ಟಿಕಲ್ಲಿನ್ಯಾಗ!”

ಕನ್ನಡಿಗರಾಗಿ ಹುಟ್ಟಿ, ಮಾರ್ಕ್ಸ್ ಕಾರ್ಡು ನೋಡುತ್ತ ಬೆಳೆದು, ಅರವತ್ತೊಂದನ್ನು ಇನ್ನು ಹೇಗೆ ಓದುವುದು? ಸನ್ಮಾನ ನಿಶ್ಚಯವಾಯಿತು. ಶಾಲು, ಹಾರ, ಬ್ಯಾನರು ಎಲ್ಲ ಸಿದ್ಧವಾದವು, ಗೋರ್ವಾದ ನೆರೆಹೊರೆಗೂ ಕರೆ ಹೋಯಿತು.

ಅಷ್ಟರಲ್ಲಿ ವೈಜಯಂತಿಯಿಂದ ಒಂದು ಸಂದೇಶ ಬಂತು. ‘ನಾಳೆ ಬರ್ತೀನಿ. ಮನಿಗೆ ಬಂದ ಮ್ಯಾಲೆ ಮಾತಾಡೂಣು.’ ಕುಲಕರ್ಣಿಯವರಿಗೆ ಅದನ್ನು ಓದಿ ತೋರಿಸಿ, ತುಂಬಿದ ಕೊಡ ತುಳುಕುವುದಿಲ್ಲ ಎಂದೆ.

ಮರುದಿನ ಅಹಮದಾಬಾದಿನ ವಿಮಾನ ನಿಲ್ದಾಣದಿಂದ ಅವಳನ್ನು ಕಾರಿನಲ್ಲಿ ಕರೆತಂದೆ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಡಿಯಾದ್ ದಾಟಿದ ಮೇಲೆ ಮೆಲ್ಲಗೆ ಕೇಳಿದಳು, “ರಿಸಲ್ಟ್ ಗೊತ್ತಾತೇನ್ರಿ?”

“ಗೊತ್ತಾತು. ಚಲೋ ನಂಬರು!” ಎಂದೆ.

ಅವಳು ತಿರುಗಿ ನನ್ನನ್ನು ನೋಡಿದಳು. “ಚಲೋ ಅಂತೀರಿ?”

“ಚಲೋ ಅಲ್ಲದ ಏನು? ನನ್ನ ಕೇಳಿದ್ರ ಇದಕ್ಕಿಂತ ಚಲೋ ನಂಬರ ಇಲ್ಲ.”

ಗೇರಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈಯಿಟ್ಟಳು. “ನೀವು ಹಿಂಗಂತೀರಿ ಅಂತ ನಾ ಅಂದುಕೊಂಡಿರಲಿಲ್ಲ,” ಎಂದು ಕಣ್ಣು ಒರೆಸಿಕೊಂಡಳು. ವಡೋದರೆ ಬರುವ ತನಕ ಆ ಕೈ ತೆಗೆಯಲಿಲ್ಲ. ನಮ್ಮ ದಾಂಪತ್ಯದಲ್ಲಿ ಅಷ್ಟು ಸುಖದ ನಲವತ್ತು ನಿಮಿಷ ಇನ್ನೊಂದಿಲ್ಲ. ಈಗಲೂ ಆ ರಸ್ತೆಯಲ್ಲಿ ಹೋಗುವಾಗ ನಡಿಯಾದ್ ಬಂದರೆ ನನ್ನ ಎಡಗೈ ತಾನಾಗಿಯೇ ಗೇರಿನ ಮೇಲೆ ಹೋಗುತ್ತದೆ.

ಮನೆಗೆ ಹೋಗದೆ ಕಾರನ್ನು ನೇರ ಸಂಘದ ಸಭಾಂಗಣಕ್ಕೆ ತಿರುಗಿಸಿದೆ. “ಇಲ್ಲ್ಯಾಕ?” ಎಂದಳು. “ಸುಮ್ಮನ ಬಾ,” ಎಂದೆ. ಬಾಗಿಲಲ್ಲೇ ಬ್ಯಾನರು ಕಟ್ಟಿತ್ತು. ‘ಅಂತರರಾಷ್ಟ್ರೀಯ ಪ್ರಾಯೋಗಿಕ ಪಿಸ್ತೂಲು ವೀರವನಿತೆ ಶ್ರೀಮತಿ ವೈಜಯಂತಿ ದೇಶಪಾಂಡೆ, ಪ್ರಥಮ ದರ್ಜೆ, ಶೇಕಡಾ 61.’ ಒಳಗೆ ಮುಂದಿನ ಸಾಲುಗಳಲ್ಲಿ ಕನ್ನಡಿಗರು ಹಾರ ಹಿಡಿದು ನಗುತ್ತಿದ್ದರು. ಹಿಂದಿನ ಸಾಲುಗಳಲ್ಲಿ ಗೋರ್ವಾದ ನಮ್ಮ ನೆರೆಹೊರೆಯವರು ಸಾಂತ್ವನ ಹೇಳುವ ಮುಖ ಮಾಡಿಕೊಂಡು ಕೂತಿದ್ದರು. ಒಂದೇ ಸಭೆಯಲ್ಲಿ ಅರ್ಧ ಮದುವೆಮನೆ, ಅರ್ಧ ಸಾವಿನ ಮನೆ!

ವೈಜಯಂತಿ ಬ್ಯಾನರನ್ನು ಎರಡು ಸಲ ಓದಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಏನ್ರಿ, ಜಿಗ್ನೇಶ್‌ಭಾಯಿ ನಿಮಗ ಏನಂದ್ರು?”

“ಚಲೋ ನಂಬರ ಬಂತು ಅಂದ್ರು.”

“ಚಲೋ ಅಂದ್ರೋ, ಛೆಲ್ಲೋ ಅಂದ್ರೋ?”

“ಎರಡೂ ಒಂದಽ ಅಲ್ಲ?”

ಹಿಂದಿನ ಸಾಲಿನಿಂದ ಕುಸುಮ್‌ಬೆನ್ ಕನ್ನಡ ಬಾರದಿದ್ದರೂ ಎಲ್ಲವನ್ನೂ ಅರ್ಥ ಮಾಡಿಕೊಂಡು, “ಛೆಲ್ಲೋ ಏಟಲೇ ಲಾಸ್ಟ್!” ಎಂದು ಕೂಗಿ ಹೇಳಿದರು. ಕುಲಕರ್ಣಿಯವರ ಕೈಯಲ್ಲಿದ್ದ ಹಾರ ಗಾಳಿಯಲ್ಲೇ ನಿಂತಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಬಿಡಲಿಲ್ಲ, ನಾನೇ ಬಿಟ್ಟುಕೊಂಡು ನಿಂತೆ.

ಅವಳು ವೇದಿಕೆ ಹತ್ತಿದಳು. ಮೈಕು ತೆಗೆದುಕೊಂಡಳು.

“ಎಲ್ಲಾರಿಗೂ ನಮಸ್ಕಾರ. ಅರವತ್ತೊಂದು ಮಂದಿ ಹೆಣ್ಣುಮಕ್ಕಳೊಳಗ ನಂದು ಅರವತ್ತೊಂದನೇ ನಂಬರು. ನನ್ನ ಹಿಂದ ಯಾರೂ ಇಲ್ಲ, ಗ್ವಾಡಿ ಅದ. ಮೂರು ಮಂದಿ ನಿರಪರಾಧಿಗಳಿಗೆ ಗುಂಡು ಹೊಡದೀನಿ, ಬಿಳಿ ಬೋರ್ಡು ಪಾಪ. ಒಮ್ಮೆ ಯಾವ ಕಡೆ ಓಡಬೇಕು ಅನ್ನೂದು ಮರತು ವಾಪಸ್ ಓಡಿದೆ.”

ಯಾರೋ ಕಿಸಕ್ಕನೆ ನಕ್ಕರು. ಅವಳೂ ನಕ್ಕಳು, ಆದರೆ ಕಣ್ಣು ತುಂಬಿದ್ದವು.

“ವಿಮಾನದಾಗ ಗಟ್ಟಿ ಮನಸ್ಸು ಮಾಡಿದ್ದೆ. ಬಿಟ್ಟುಬಿಡೋದು. ಯಾರಿಗೂ ಗೊತ್ತಿಲ್ಲಲ್ಲ, ಸುಮ್ಮನ ಅಡಿಗಿ ಮನಿಗೆ ಹೋಗೋದು ಅಂತ. ಈಗ ನಮ್ಮನಿಯವರು ಊರಿಗೆಲ್ಲ ಪೇಡೆ ಹಂಚ್ಯಾರ. ಇನ್ನ ಬಿಟ್ಟರ, ಕಡೀ ನಂಬರ ಬಂದಿದ್ದಕ್ಕ ಹೆದರಿ ಬಿಟ್ಲು ಅಂತೀರಿ. ನನಗ ಬಿಡೂ ದಾರೀನಽ ಇಲ್ಲದಂಗ ಮಾಡಿಬಿಟ್ರು. ಅದಕ್ಕ ಮುಂದಿನ ವರ್ಷ ಮತ್ತ ಹೋಗಾಕಿ ನಾನು. ಹಾರ ಇಟ್ಟಿರ್ರಿ, ಹೂವು ಬಾಡಿದ್ರ ಬ್ಯಾರೆ ತರ್ರಿ.”

ಮೊದಲು ಚಪ್ಪಾಳೆ ಹೊಡೆದದ್ದು ಕುಸುಮ್‌ಬೆನ್. ಆಮೇಲೆ ಇಡೀ ಸಭೆ ಎದ್ದು ನಿಂತಿತು. ಕುಲಕರ್ಣಿಯವರು ಹಾರವನ್ನು ಅವಳ ಕೊರಳಿಗೆ ಹಾಕಿಯೇಬಿಟ್ಟರು.

ಮನೆಗೆ ಬಂದ ಮೇಲೆ ಬೈಗುಳಕ್ಕೆ ತಯಾರಾಗಿ ಕೂತೆ. ಬೈಯಲಿಲ್ಲ. ಚಹಾ ಕೊಟ್ಟು, ಎದುರಿಗೆ ಕೂತು ಒಂದೇ ಪ್ರಶ್ನೆ ಕೇಳಿದಳು.

“ಅಂದ್ರ ಕಾರಿನ್ಯಾಗ ನೀವು ನನಗ ಸಮಾಧಾನ ಮಾಡಿದ್ದಲ್ಲ?”

ಹೌದು, ಸಮಾಧಾನವೇ ಮಾಡಿದ್ದು ಎಂದು ಸುಳ್ಳು ಹೇಳಬಹುದಿತ್ತು. ಜೀವಮಾನದಲ್ಲಿ ಒಂದು ಸುಳ್ಳು ಹೇಳಲೇಬೇಕಾದ ಹೊತ್ತು ಅದು. “ಇಲ್ಲ, ನೀ ಗೆದ್ದೀ ಅಂತ ತಿಳಕೊಂಡಿದ್ದೆ,” ಎಂದುಬಿಟ್ಟೆ. ಅವಳು ನಾನು ಅರ್ಧ ಕುಡಿದ ಚಹಾದ ಕಪ್ಪನ್ನು ಎತ್ತಿಕೊಂಡು ಒಳಗೆ ಹೋದಳು. ಆ ಕಪ್ಪು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮತ್ತೆ ಹೊರಗೆ ಬಂದು, “ಹಂಗಾರ ಭಾನುವಾರ ನೀವೂ ರೇಂಜಿಗೆ ಬರಬೇಕು,” ಎಂದಳು. ಎದುರಾಡುವ ಧೈರ್ಯ ಯಾರಿಗಿತ್ತು?

ರೇಂಜಿನಲ್ಲಿ, ಅಂದರೆ ಕ್ಲಬ್ಬಿನ ಗುಂಡು ಹೊಡೆಯುವ ಬಯಲಿನಲ್ಲಿ, ನನಗೊಂದು ಕೆಲಸ ಕೊಟ್ಟರು. ಒಬ್ಬರು ಹೊಡೆದು ಮುಗಿಸಿದ ಮೇಲೆ ರಟ್ಟಿನ ಬೋರ್ಡಿನ ತೂತುಗಳಿಗೆ ಆಯಾ ಬಣ್ಣದ ಕಾಗದದ ಚೂರನ್ನು ಗೋಂದು ಹಚ್ಚಿ ಅಂಟಿಸಬೇಕು, ಮುಂದಿನವರಿಗೆ ಬೋರ್ಡು ಹೊಸದಾಗಿ ಕಾಣಲಿ ಎಂದು. ಮೊದಮೊದಲು ವೈಜಯಂತಿಯ ಸರದಿ ಬಂದರೆ ನನಗೆ ಖಾಕಿಗಿಂತ ಬಿಳಿ ಬೋರ್ಡಿನ ಬಳಿಯೇ ಕೆಲಸ ಹೆಚ್ಚು. ಬರಬರುತ್ತ ಬಿಳಿಯ ಕಡೆ ಹೋಗುವುದೇ ತಪ್ಪಿತು. ಮರುವರ್ಷ ಅವಳು ನಲವತ್ತೆಂಟನೆಯವಳಾಗಿ ಬಂದಳು. ಫಲಿತಾಂಶವನ್ನು ತಾನೇ ಅಕ್ಷರದಲ್ಲಿ ಬರೆದು ಕಳಿಸಿದ್ದಳು, ಜೊತೆಗೆ ‘ಅರ್ಥ ಮಾಡಬ್ಯಾಡ್ರಿ, ಬರೇ ಓದ್ರಿ’ ಎಂಬ ಸೂಚನೆ.

ಅಹಮದಾಬಾದಿಗೆ ಬಂದ ಮೇಲೂ ಭಾನುವಾರ ವಡೋದರೆಯ ಅದೇ ರೇಂಜಿಗೆ ಹೋಗುತ್ತೇವೆ. ಹೋದ ವಾರ ಹೊಸದಾಗಿ ಸೇರಿದ ಹುಬ್ಬಳ್ಳಿಯ ಎಂಜಿನಿಯರ್ ಹುಡುಗಿಯೊಬ್ಬಳು ಕನ್ನಡ ಕೇಳಿ ಓಡಿ ಬಂದಳು. ವೈಜಯಂತಿಯನ್ನು ಮಾತಾಡಿಸಿ, ಬೋರ್ಡಿನ ಹತ್ತಿರ ನಿಂತಿದ್ದ ನನ್ನನ್ನು ನೋಡಿ, “ಇವರು ಯಾರ್ರೀ ಆಂಟಿ, ಕೋಚ್ ಏನ್ರಿ?” ಎಂದು ಭಕ್ತಿಯಿಂದ ಕೇಳಿದಳು. ನಾನು ಎದೆ ಸ್ವಲ್ಪ ಮುಂದೆ ಮಾಡಿ, ವಿನಯದಿಂದ ಉತ್ತರ ಕೊಡಲು ಗಂಟಲು ಸರಿಮಾಡಿಕೊಂಡೆ.

“ಅಲ್ಲವ್ವಾ,” ಎಂದಳು ನನ್ನ ಹೆಂಡತಿ, ಪಿಸ್ತೂಲಿಗೆ ಗುಂಡು ತುಂಬುವ ಗಡಿಬಿಡಿಯಲ್ಲಿ. “ಅವರು ಗೋಂದಿನವರು.”

ಹುಡುಗಿ ಅದನ್ನು ಮನೆತನದ ಹೆಸರೆಂದು ತಿಳಿದಳು. ಕೈಮುಗಿದು, “ನಮಸ್ಕಾರ ಗೋಂದಿನವರ ಸರ್,” ಎಂದಳು. ಭಾಷೆಯ ತಪ್ಪನ್ನು ತಿದ್ದುವ ಯೋಗ್ಯತೆ ನನಗಿಲ್ಲ. ಗೋಂದು ಅಂಟಿದ ಕೈಗಳನ್ನೇ ಜೋಡಿಸಿ ನಾನೂ ನಮಸ್ಕಾರ ಮಾಡಿದೆ.