ಜಂಬಯ್ಯನ ನಾಲಿಗೆಗೆ ಪರೀಕ್ಷೆ

ಆ ಒಂದು ಮೆಣಸಿನಕಾಯಿ ಬಜ್ಜಿಯನ್ನು ಬೇಡವೆನ್ನುವ ಧೈರ್ಯ ಜಂಬಯ್ಯನಿಗೆ ಇರಲಿಲ್ಲ.

ಮಗಳಿಗೆ ಗಂಡು ಗೊತ್ತಾದ ಖುಷಿಗೆ ಪಕ್ಕದ ಮನೆಯ ನಿರ್ಮಲಮ್ಮ ಬೆಳಗ್ಗೆಯೇ ಸರಸ್ವತಿ ನಗರದ ಆ ಬೀದಿಗೆಲ್ಲ ಮಂಡಕ್ಕಿ, ಬಜ್ಜಿ ಹಂಚುತ್ತಿದ್ದಳು.

“ಇವತ್ತು ಖಾರ ಬ್ಯಾಡ್ರಿ,” ಎಂದ ಜಂಬಯ್ಯ.

“ಯಾಕ್ರಿ? ನಮ್ಮನಿ ಶುಭಕಾರ್ಯ ನಿಮಗೆ ಸೇರಲಿಲ್ಲೇನು?”

ಕಾರಣ ಹೇಳುವಂತಿರಲಿಲ್ಲ. ಹರಿಹರದ ಹತ್ತಿರದ ಬಿಯರ್ ಕಾರ್ಖಾನೆಯಲ್ಲಿ ಅವನು ರುಚಿ ನೋಡುವವನು. ಒಂದೊಂದು ಟ್ಯಾಂಕಿನಿಂದ ಗುಟುಕು ಹೀರಿ, ಉಗುಳಿ, ಹದ ಬಂದಿದೆಯೋ ಇಲ್ಲವೋ ಹೇಳಬೇಕು. ಹೆಂಡತಿ ಹೊನ್ನಕ್ಕ ಮಾತ್ರ ಮರ್ಯಾದೆಗೆ ಅಂಜಿ, ಗಂಡ ಟಾನಿಕ್ ಕಾರ್ಖಾನೆಯಲ್ಲಿದ್ದಾನೆಂದು ಬೀದಿಗೆಲ್ಲ ಹೇಳಿಟ್ಟಿದ್ದಳು. ಜಂಬಯ್ಯ ಬಜ್ಜಿ ತಿಂದ. ಬಾಯಿಗೆ ಬೆಂಕಿ ಬಿದ್ದಂತಾಯಿತು.

ಹೊನ್ನಕ್ಕ ಮೊಸರು ಕುಡಿಸಿದಳು. ನಿರ್ಮಲಮ್ಮ ಸಕ್ಕರೆ ಸುರಿದಳು. ಎದುರುಮನೆಯ ಬಸವಪ್ರಭು ಓಡಿಬಂದು, “ತಡೀರಿ, ಇದಕ್ಕೆ ನನ್ನ ಹತ್ರ ಔಷಧಿ ಐತೆ,” ಎಂದು ನಾಲಿಗೆಯ ತುಂಬ ಲವಂಗದ ಎಣ್ಣೆ ಸವರಿದ. ಉರಿ ನಿಂತಿತು, ಅದರ ಜೊತೆಗೆ ರುಚಿಯೂ ಹೋಯಿತು. ಕಾರ್ಖಾನೆಗೆ ಹೋಗುವ ಬಸ್ಸು ಬಾತಿ ಊರು ದಾಟುವಾಗ ಜಂಬಯ್ಯ ನಿಂಬೆಹಣ್ಣು ಕಚ್ಚಿ ನೋಡಿದ. ಹುಳಿಯ ಸುಳಿವೇ ಇಲ್ಲ.

ಹೋಗಿ ಹೋಗಿ ಇವತ್ತೇ ಪರೀಕ್ಷೆ. ಕಾರ್ಖಾನೆಗೆ ಹೊಸ ಯಂತ್ರ ಬಂದಿತ್ತು. ಟ್ಯಾಂಕಿನೊಳಗೇ ಕೂತು ಕಹಿ, ಹುಳಿ, ವಾಸನೆ ಅಳೆದು, ಹದ ಬಂತೋ ಇಲ್ಲವೋ ಎಂದು ಪರದೆಯ ಮೇಲೆ ತೋರಿಸುತ್ತದಂತೆ. ಮಾಲೀಕರ ಮುಂದೆ ಅದರ ಉತ್ತರವನ್ನೂ ಇವನ ಉತ್ತರವನ್ನೂ ತಾಳೆ ನೋಡುವವರಿದ್ದರು. ತಪ್ಪಿದರೆ ಮನೆಗೆ ಎಂದು ಜಂಬಯ್ಯ ತಾನೇ ತೀರ್ಮಾನಿಸಿದ್ದ. ಐವತ್ತರ ಹತ್ತಿರ ಬಂದವನಿಗೆ ನಾಲಿಗೆ ಬಿಟ್ಟು ಬೇರೆ ಕಸುಬಿರಲಿಲ್ಲ. ಅವನಿಗೆ ನಿಜವಾಗಿಯೂ ಭಯವಾಗಿತ್ತು.

ಯಂತ್ರ ನೋಡಿಕೊಳ್ಳುವ ಶಬ್ಬೀರನನ್ನು ಮೂಲೆಗೆ ಕರೆದು ಎಲ್ಲ ಹೇಳಿಕೊಂಡ.

“ಚಿಂತಿ ಬ್ಯಾಡ ಜಂಬಣ್ಣ. ಪರದೆ ನನ್ನ ಮುಂದೇ ಇರ್ತೈತೆ. ಹದ ಬಂದಿದ್ರೆ ಕೆಮ್ತೀನಿ, ಇಲ್ಲಾಂದ್ರೆ ಸುಮ್ನಿರ್ತೀನಿ.”

ಲೋಟಗಳು ಸಾಲಾಗಿ ಬಂದವು. ಜಂಬಯ್ಯ ಹೀರುವುದು, ಕಣ್ಣು ಮುಚ್ಚುವುದು, ಕೆಮ್ಮಿಗೆ ಕಾಯುವುದು. ನಡುವೆ ಮಾಲೀಕರು, “ಈ ಹುಡುಗನಿಗೆ ಯಾರಾದರೂ ಬಿಸಿನೀರು ಕೊಡಿ,” ಎಂದರು. ಕೊನೆಗೆ ಒಂದು ಉತ್ತರವೂ ತಪ್ಪಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮ್ಯಾನೇಜರ್ ವಿಜಯಕುಮಾರ್ ಅವನ ಕೈ ಹಿಡಿದುಕೊಂಡ. “ದೊಡ್ಡ ಉಪಕಾರ ಮಾಡಿದ್ರಿ ಜಂಬಯ್ಯನೋರೆ. ಈ ಯಂತ್ರನ ನಂಬೋದು ಹೆಂಗೆ ಅಂತ ನಮಗೆ ಅನುಮಾನ ಇತ್ತು. ನಿಮಗೂ ಅದಕ್ಕೂ ಒಂದೇ ಒಂದು ಉತ್ತರ ತಾಳೆ ಆಗದಿದ್ರೂ ಅದನ್ನ ವಾಪಸ್ ಕಳಿಸೋದು ಅಂತ ಮಾತಾಗಿತ್ತು.”

“ಹಂಗಾದ್ರೆ ನಾನು?” ಎಂದ ಜಂಬಯ್ಯ.

“ನಿಮ್ಮಂಥೋರ ನಾಲಿಗಿನೇ ಒಪ್ಪಿದ ಮ್ಯಾಲೆ ಎರಡೆರಡು ಯಾಕ್ರಿ? ಈ ತಿಂಗಳ ಕೊನೀಗೆ ಒಳ್ಳೆ ಸನ್ಮಾನ ಮಾಡಿ ಕಳಿಸ್ತೀವಿ.”

ಶಬ್ಬೀರನಿಗೆ ಆಗ ನಿಜವಾದ ಕೆಮ್ಮು ಬಂತು.

ಸಂಜೆ ಬಸ್ಸಿಳಿದು ಬಂದರೆ ಗೇಟಿನ ಬಳಿ ನಿರ್ಮಲಮ್ಮ ಉಳಿದ ಬಜ್ಜಿಯ ತಟ್ಟೆ ಹಿಡಿದು ನಿಂತಿದ್ದಳು.

“ಬಾಯಿ ಈಗ ಹೆಂಗೈತ್ರಿ?”

ಜಂಬಯ್ಯ ಒಂದನ್ನು ತೆಗೆದು ಕಚ್ಚಿ, ನಿಧಾನವಾಗಿ ಅಗಿದ. ಕಣ್ಣಲ್ಲಿ ನೀರು ತುಂಬಿತು.

“ಖಾರ ಜಾಸ್ತಿ ಆತೇನ್ರಿ?”

“ಇಲ್ರಿ,” ಎಂದ ಜಂಬಯ್ಯ, “ಉಪ್ಪು ಒಂಚೂರು ಕಮ್ಮಿ ಆಗೈತೆ.”